ಚಾಕಿ ಸಾಕಣೆ ಕೇಂದ್ರ: ಕಟ್ಟುವ ಮುನ್ನ ಯೋಜನೆ, ಕಟ್ಟಿದ ಮೇಲೆ ಆಡಳಿತ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರೈತರಿಗೆ ರೇಷ್ಮೆ ಕೃಷಿ ಹೊಸದಲ್ಲ. ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆ ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲಿಯೇ. ಶಿಡ್ಲಘಟ್ಟದ ಮಾರುಕಟ್ಟೆಯೂ ದೂರವಿಲ್ಲ. ರೇಷ್ಮೆ ನೇಯುವ ಮಗ್ಗಗಳು ದೊಡ್ಡಬಳ್ಳಾಪುರದಲ್ಲಿವೆ. ಹಿಂದೆ ಪ್ರತಿಯೊಬ್ಬ ರೈತನೂ ಮೊಟ್ಟೆ ತಂದು, ತನ್ನ ಮನೆಯಲ್ಲಿಯೇ ಚಾಕಿ ಕಟ್ಟಿ, ಹಣ್ಣಾಗುವವರೆಗೂ ಹುಳು ಸಾಕುತ್ತಿದ್ದನು. ಈಗ ಬಹುಪಾಲು ರೈತರು ಎರಡನೇ ಜ್ವರದವರೆಗೆ ಬೆಳೆದ ಹುಳುಗಳನ್ನು ಚಾಕಿ ಕೇಂದ್ರದಿಂದ ಕೊಂಡು ತರುತ್ತಾರೆ. ಹೀಗಾಗಿ ಚಾಕಿ ಸಾಕಣೆ ಎಂಬುದು ಬೇಸಾಯದ ಒಂದು ಅಂಗವಾಗಿದ್ದುದು ಹೋಗಿ, ಪ್ರತ್ಯೇಕವಾದ ಒಂದು ಸಣ್ಣ ಉದ್ಯಮವೇ ಆಗಿದೆ. ಎರಡು ಎಕರೆ ನೀರಾವರಿ ಜಮೀನಿರುವ ಕುಟುಂಬಕ್ಕೆ ಇದು ಒಪ್ಪುವ ಕಸುಬು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಜಮೀನಿನ ಬೆಲೆ ಏರಿ, ಹೆಚ್ಚು ಎಕರೆ ಕೊಂಡು ಬೇಸಾಯ ವಿಸ್ತರಿಸುವುದು ನಮ್ಮ ಕಡೆ ಆಗದ ಮಾತಾಗಿರುವಾಗ ಇಂತಹ ಕಸುಬಿನ ಕಡೆಗೆ ಯುವಕರ ಗಮನ ಹರಿದಿರುವುದು ಸಹಜವೇ.

ಒಮ್ಮೆ ಕ್ಷೇತ್ರೋತ್ಸವದಲ್ಲಿ ವಿಜಯಪುರದ ಕಡೆಯ ತರುಣರೊಬ್ಬರು ಒಂದು ನಕ್ಷೆ ಹಿಡಿದು ಬಂದು, "ಸಾರ್, ಚಾಕಿ ಮನೆ ಎಷ್ಟು ಅಡಿ ಉದ್ದ ಕಟ್ಟಿಸಲಿ?" ಎಂದು ಕೇಳಿದರು. "ನಿಮ್ಮಲ್ಲಿ ಚಾಕಿ ಕೊಳ್ಳುವವರು ಎಷ್ಟು ಮಂದಿ? ಹೆಸರು ಹೇಳಿ," ಎಂದೆ. ಏಳು ಹೆಸರು ಹೇಳಿ ನಿಂತರು. ಅದರಲ್ಲಿ ಮೂವರು ಅವರ ಚಿಕ್ಕಪ್ಪಂದಿರು. ಕಟ್ಟಡದ ಅಳತೆ ತಿಳಿಯಬೇಕಾದದ್ದು ಮೇಸ್ತ್ರಿಯಿಂದಲ್ಲ, ಕೊಳ್ಳುವವರ ಪಟ್ಟಿಯಿಂದ. ಈ ಲೇಖನದಲ್ಲಿ ಹುಳು ಸಾಕುವ ತಾಂತ್ರಿಕ ವಿವರಗಳಿಗಿಂತ ಹೆಚ್ಚಾಗಿ, ಈ ಪಟ್ಟಿಯಿಂದ ಆರಂಭಿಸಿ ಕೇಂದ್ರವನ್ನು ಯೋಜಿಸುವ ಮತ್ತು ನಡೆಸುವ ಕ್ರಮವನ್ನು ತಿಳಿಸಲಾಗಿದೆ.

ಮೊದಲು ಲೆಕ್ಕ

ಕೆಳಗಿನ ದರಗಳು ಲೆಕ್ಕ ಹಾಕುವ ರೀತಿ ತಿಳಿಯಲೆಂದು ಹಿಡಿದ ಉದಾಹರಣೆಗಳು ಮಾತ್ರ. ಓದುಗರು ತಮ್ಮ ಊರಿನ ಅಂದಂದಿನ ದರಗಳನ್ನು ಹಾಕಿಕೊಂಡು ಇದೇ ರೀತಿ ಲೆಕ್ಕ ಮಾಡಬೇಕು.

ವಾರಕ್ಕೆ 2,000 ಮೊಟ್ಟೆಯಂತೆ ತಿಂಗಳಿಗೆ ನಾಲ್ಕು ಬ್ಯಾಚು, ಅಂದರೆ 8,000 ಮೊಟ್ಟೆ ಸಾಕುವ ಕೇಂದ್ರವನ್ನು ಕಟ್ಟಿದಿರಿ ಎಂದಿಟ್ಟುಕೊಳ್ಳೋಣ. ಹುಳು ಇರಲಿ ಬಿಡಲಿ, ಪ್ರತಿ ತಿಂಗಳೂ ಮಾಡಲೇಬೇಕಾದ ಖರ್ಚುಗಳಿವೆ: ಬ್ಯಾಂಕಿನ ಕಂತು 22,000 ರೂಪಾಯಿ, ಇಬ್ಬರು ಕಾಯಂ ಕೆಲಸಗಾರರ ಸಂಬಳ 30,000, ತೋಟದ ನಿರ್ವಹಣೆ ಮತ್ತು ವಿದ್ಯುತ್ತು 18,000, ದುರಸ್ತಿಗೆಂದು ಎತ್ತಿಡುವುದು 5,000. ಒಟ್ಟು 75,000 ರೂಪಾಯಿ. ಇನ್ನು ನೂರು ಮೊಟ್ಟೆಗೆ ತಗಲುವ ಖರ್ಚು: ಮೊಟ್ಟೆಯ ಬೆಲೆ 1,200, ಸೊಪ್ಪು ಕೊಯ್ಯುವ ಕೂಲಿ, ಕಾಗದ, ಸೋಂಕು ನಿವಾರಕ, ಸಾಗಾಣಿಕೆ ಎಲ್ಲ ಸೇರಿ 800. ಒಟ್ಟು 2,000. ನೂರು ಮೊಟ್ಟೆಯ ಚಾಕಿಯನ್ನು 3,500ಕ್ಕೆ ಮಾರಿದರೆ ಕೈಯಲ್ಲಿ ಉಳಿಯುವುದು 1,500.

75,000ವನ್ನು 1,500ರಿಂದ ಭಾಗಿಸಿದರೆ 50 ಬರುತ್ತದೆ. ಅಂದರೆ ತಿಂಗಳಿಗೆ ಐವತ್ತು ನೂರು, 5,000 ಮೊಟ್ಟೆಯ ಚಾಕಿ ಮಾರಿದಾಗ ಲಾಭವೂ ಇಲ್ಲ ನಷ್ಟವೂ ಇಲ್ಲ. ಅದಕ್ಕಿಂತ ಕಡಿಮೆಯಾದರೆ ಮನೆಯಿಂದ ಹಾಕಬೇಕು. ಪೂರ್ತಿ 8,000 ಮಾರಿದರೆ 45,000 ಉಳಿಯುತ್ತದೆ. ಇದರಲ್ಲಿ ಯಜಮಾನನ ದುಡಿಮೆಗೂ ಅವನ ಮನೆಯಾಕೆಯ ದುಡಿಮೆಗೂ ಬೆಲೆ ಕಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಇಬ್ಬರಿಗೂ ಕೆಲಸಗಾರರಷ್ಟೇ ಸಂಬಳ ಎಂದು ಹಿಡಿದರೂ 30,000 ಹೋಗಿ, ನಿಜವಾದ ಲಾಭ 15,000 ಮಾತ್ರ. ಮನೆಯವರ ಕೂಲಿಯನ್ನು ಬಿಟ್ಟು ಲಾಭ ಎಣಿಸುವುದು ನಮ್ಮ ಬೇಸಾಯದ ಹಳೆಯ ದೋಷ. ಹೊಸ ಉದ್ಯಮಕ್ಕೂ ಅದನ್ನು ಅಂಟಿಸಬಾರದು.

ಈಗ ಕೊಳ್ಳುವವರ ಪಟ್ಟಿಗೆ ಬರೋಣ. ಒಬ್ಬ ರೈತ ಬೆಳೆಯೊಂದಕ್ಕೆ 200 ಮೊಟ್ಟೆಯಂತೆ ವರ್ಷಕ್ಕೆ ಐದು ಬೆಳೆ ತೆಗೆದರೆ ಅವನಿಗೆ ಬೇಕಾಗುವುದು 1,000 ಮೊಟ್ಟೆ. ತಿಂಗಳಿಗೆ 5,000 ಎಂದರೆ ವರ್ಷಕ್ಕೆ 60,000. ಆದ್ದರಿಂದ ಅರವತ್ತು ಮಂದಿ ಕಾಯಂ ರೈತರಿಲ್ಲದೆ ಈ ಅಳತೆಯ ಕೇಂದ್ರ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಏಳು ಹೆಸರಿಗೂ ಅರವತ್ತು ಹೆಸರಿಗೂ ಇರುವ ಅಂತರವನ್ನು ಸಾಲ ತೆಗೆಯುವ ಮುನ್ನವೇ ಕಾಣಬೇಕು. ಹತ್ತು ಹದಿನೈದು ಕಿಲೋಮೀಟರ್ ಸುತ್ತಿನ ಹಳ್ಳಿಗಳನ್ನು ತಿರುಗಿ, ಯಾರ ತೋಟ ಎಷ್ಟು, ಈಗ ಚಾಕಿ ಎಲ್ಲಿಂದ ತರುತ್ತಾರೆ, ಅಲ್ಲಿ ಅವರಿಗಿರುವ ತೊಂದರೆ ಏನು ಎಂದು ಕೇಳಿ ಬರೆದುಕೊಳ್ಳಬೇಕು. ಮೂವತ್ತೇ ಮಂದಿ ಸಿಕ್ಕರೆ ಯೋಜನೆಯನ್ನೇ ಕೈಬಿಡಬೇಕೆಂದಿಲ್ಲ. ಒಂದೇ ಕಾಯಂ ಆಳು, ಸಣ್ಣ ಸಾಲ, ಎರಡು ವಾರಕ್ಕೊಂದು ಬ್ಯಾಚು ಎಂದು ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು.

ಸಹಾಯಧನದ ಬಗ್ಗೆ ಒಂದು ಮಾತು. ಚಾಕಿ ಕೇಂದ್ರಗಳಿಗೆ ಕೇಂದ್ರ ರೇಷ್ಮೆ ಮಂಡಳಿ ಮತ್ತು ರಾಜ್ಯ ರೇಷ್ಮೆ ಇಲಾಖೆಯ ಯೋಜನೆಗಳಲ್ಲಿ ನೆರವು ದೊರೆತಿರುವುದುಂಟು. ಈಗ ಯಾವ ಯೋಜನೆ ಜಾರಿಯಲ್ಲಿದೆಯೆಂದು ತಾಲ್ಲೂಕಿನ ರೇಷ್ಮೆ ಇಲಾಖೆಯ ಕಛೇರಿಯಲ್ಲಿ ಅವಶ್ಯವಾಗಿ ವಿಚಾರಿಸಿರಿ. ಆದರೆ ಇಂತಹ ಹಣ ಸಾಮಾನ್ಯವಾಗಿ ಕೆಲಸ ಮುಗಿದು ಪರಿಶೀಲನೆಯಾದ ಮೇಲೆ ಕೈಸೇರುತ್ತದೆ. ಸಹಾಯಧನ ಬಂದರೆ ಮಾತ್ರ ಗಿಟ್ಟುವ ಕೇಂದ್ರವನ್ನು ಕಟ್ಟಬಾರದು.

ತೋಟ ಮತ್ತು ಕೋಣೆ

ಚಾಕಿ ಹುಳುವಿಗೆ ಎಳೆಯ, ನೀರಿನಂಶ ಹೆಚ್ಚಿರುವ, ಮೃದುವಾದ ಸೊಪ್ಪು ಬೇಕು. ಬೆಳೆದ ಹುಳುವಿನ ತೋಟದ ಸೊಪ್ಪನ್ನೇ ತುದಿ ಚಿವುಟಿ ಹಾಕಿ ಚಾಕಿ ನಡೆಸುವುದು ಸರಿಯಲ್ಲ. ಚಾಕಿಗೆಂದೇ ಪ್ರತ್ಯೇಕ ತೋಟವಿರಬೇಕು. ಎಸ್-36, ವಿ-1 ತಳಿಗಳು ಇದಕ್ಕೆ ಹೊಂದುತ್ತವೆ.

ತೋಟ ಎಷ್ಟಿರಬೇಕು? ಎರಡನೇ ಜ್ವರದವರೆಗೆ ನೂರು ಮೊಟ್ಟೆಯ ಹುಳುಗಳಿಗೆ ಸುಮಾರು 15 ಕಿಲೋಗ್ರಾಂ ಸೊಪ್ಪು ಎಂದು ಯೋಜನೆಗೆ ಹಿಡಿಯಿರಿ. 2,000 ಮೊಟ್ಟೆಗೆ 300 ಕಿಲೋ. ಈಗ ನಿಮ್ಮ ತೋಟದಲ್ಲಿ ನಾಲ್ಕು ಕಡೆ ಐದೈದು ಗಿಡ ಗುರುತಿಸಿ, ಚಾಕಿಗೆ ಯೋಗ್ಯವಾದ ಎಲೆಯನ್ನು ಮಾತ್ರ ಕೊಯ್ದು ತೂಗಿ ನೋಡಿ. ಗಿಡಕ್ಕೆ 150 ಗ್ರಾಂ ಸಿಕ್ಕಿತೆನ್ನಿ. ಆಗ ಒಂದು ಬ್ಯಾಚಿಗೆ 2,000 ಗಿಡ ಬೇಕಾಗುತ್ತದೆ. ಒಮ್ಮೆ ಸವರಿದ ಗಿಡ ಮತ್ತೆ ಸೊಪ್ಪಿಗೆ ಬರಲು ಆರು ವಾರ ಎಂದು ಹಿಡಿದರೆ, ವಾರಕ್ಕೊಂದು ಬ್ಯಾಚು ನಡೆಸಲು ತೋಟವನ್ನು ಆರು ತಾಕುಗಳಾಗಿ ವಿಂಗಡಿಸಿ ವಾರಕ್ಕೊಂದು ತಾಕನ್ನು ಸವರುತ್ತ ಹೋಗಬೇಕು. ಒಟ್ಟು 12,000 ಗಿಡ. ಮೂರು ಅಡಿ ಸಾಲು, ಎರಡು ಅಡಿ ಗಿಡದಂತೆ ನೆಟ್ಟರೆ ಎಕರೆಗೆ 7,260 ಗಿಡ ಹಿಡಿಯುತ್ತವೆ. ಹಾಗಾಗಿ ಒಂದು ಎಕರೆ 26 ಗುಂಟೆ ಬೇಕು. ಎಲೆಸುರುಳಿ ಹುಳು ಬಿದ್ದರೂ, ಬೇಸಿಗೆಯಲ್ಲಿ ಚಿಗುರು ತಡವಾದರೂ ಸುಧಾರಿಸಿಕೊಳ್ಳಲು ಎರಡು ಎಕರೆ ಇಟ್ಟುಕೊಳ್ಳುವುದು ಕ್ಷೇಮ. ಒಂದೇ ಕೊಳವೆಬಾವಿಯನ್ನು ನಂಬಿದವರು ಹನಿ ನೀರಾವರಿ ಮತ್ತು ನೀರಿನ ತೊಟ್ಟಿಯನ್ನು ಮೊದಲ ವರ್ಷದ ಖರ್ಚಿಗೇ ಸೇರಿಸಬೇಕು. ಪಂಪು ಕೆಟ್ಟ ವಾರದಲ್ಲಿಯೂ ಹುಳು ತಿನ್ನಲೇಬೇಕಲ್ಲವೇ?

ಕೋಣೆಯ ವಿಷಯದಲ್ಲಿ ಹಲವರು ತಪ್ಪುವುದು ಒಂದೇ ಕಡೆ. ಚಾಕಿ ಕಟ್ಟಿದ ದಿನದಿಂದ ಎರಡನೇ ಜ್ವರಕ್ಕೆ ಕೂತ ಹುಳುವನ್ನು ಕೊಡುವವರೆಗೆ ಸುಮಾರು ಏಳೆಂಟು ದಿನ. ಹುಳು ಹೋದ ಮೇಲೆ ಕಸ ತೆಗೆದು, ತಟ್ಟೆ ತೊಳೆದು, ಸೋಂಕು ನಿವಾರಕ ಸಿಂಪಡಿಸಿ, ಕೋಣೆ ಒಣಗಿ, ಮತ್ತೆ ಬೆಚ್ಚಗಾಗಲು ಕನಿಷ್ಠ ಮೂರು ದಿನ. ವಾರಕ್ಕೊಂದು ಬ್ಯಾಚು ಎಂದು ಒಂದೇ ಕೋಣೆ ಕಟ್ಟಿದವರು ಈ ಮೂರು ದಿನವನ್ನು ಎಲ್ಲಿಂದ ತರುತ್ತಾರೆ? ತೊಳೆಯುವ ಕೆಲಸವನ್ನೇ ಕದಿಯುತ್ತಾರೆ. ಮೊದಲ ಎರಡು ಮೂರು ಬ್ಯಾಚು ಏನೂ ಆಗದು. ಅಷ್ಟರಲ್ಲಿ ಧೈರ್ಯ ಬರುತ್ತದೆ. ಹಾಲುರೋಗದ ಸೋಂಕು ಗೋಡೆ, ತಟ್ಟೆಗಳಲ್ಲಿ ಕೂತು ಕಾಯುತ್ತಿರುತ್ತದೆ. ಆದ್ದರಿಂದ ದೊಡ್ಡದೊಂದು ಕೋಣೆಗಿಂತ ಬೇರೆ ಬೇರೆ ಬಾಗಿಲಿರುವ ಎರಡು ಸಣ್ಣ ಕೋಣೆಗಳು ಮೇಲು. ಒಂದರಲ್ಲಿ ಹುಳು, ಇನ್ನೊಂದರಲ್ಲಿ ಶುಚಿ, ಹೀಗೆ ಸರದಿ.

ಎರಡನೇ ಹಂತದ ಕೊನೆಗೆ ನೂರು ಮೊಟ್ಟೆಯ ಹುಳುಗಳಿಗೆ ಸುಮಾರು 45 ಚದರಡಿ ಹಾಸು ಬೇಕು. 2,000 ಮೊಟ್ಟೆಗೆ 900 ಚದರಡಿ, ಅಂದರೆ ಮೂರಡಿ-ಎರಡಡಿಯ 150 ತಟ್ಟೆ. ನೂರು ತಟ್ಟೆಯಲ್ಲಿ ಸುಧಾರಿಸೋಣ ಎನ್ನಬಾರದು. ಒತ್ತಾಗಿ ಬೆಳೆದ ಹುಳು ಏರುಪೇರಾಗುತ್ತದೆ. ಅದರ ಫಲ ಉಣ್ಣುವವನು ಕೊಂಡ ರೈತ.

ಚಾಕಿ ಕೋಣೆಯಲ್ಲಿ 27ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 85ರಿಂದ 90 ತೇವಾಂಶ ಇರಬೇಕು. ನಮ್ಮ ಜಿಲ್ಲೆಯಲ್ಲಿ ಧನುರ್ಮಾಸದ ರಾತ್ರಿಗಳು ಇದಕ್ಕಿಂತ ಬಹಳ ತಣ್ಣಗಿರುತ್ತವೆ, ಏಪ್ರಿಲ್ ತಿಂಗಳ ಮಧ್ಯಾಹ್ನಗಳು ಬಿಸಿಯಾಗಿಯೂ ಒಣಗಿಯೂ ಇರುತ್ತವೆ. ಹೀಟರ್, ತೇವಾಂಶದ ಯಂತ್ರಗಳ ಜೊತೆಗೆ, ಕರೆಂಟು ಹೋದಾಗ ಅವು ನಡೆಯುವ ಏರ್ಪಾಡನ್ನೂ ಮೊದಲ ಬಂಡವಾಳದಲ್ಲಿಯೇ ಬರೆಯಬೇಕು.

ಯಾರು ಯಾವುದಕ್ಕೆ ಹೊಣೆ

ಕೇಂದ್ರ ಯಾರದು ಎಂಬುದನ್ನು ಮೊದಲೇ ಕಾಗದದ ಮೇಲೆ ಇಳಿಸುವುದು ಅಗತ್ಯ. ಅಣ್ಣನ ಜಮೀನು, ತಮ್ಮನ ಹಣ, ಭಾವನ ಓಡಾಟ ಎಂದು ಬಾಯಿಮಾತಿನಲ್ಲಿ ಆರಂಭವಾದ ಉದ್ಯಮಗಳು ಹುಳುವಿನ ರೋಗಕ್ಕಿಂತ ಹೆಚ್ಚಾಗಿ ಮನಸ್ತಾಪದಿಂದ ಮುಚ್ಚುತ್ತವೆ. ಒಬ್ಬರೇ ನಡೆಸಿದರೆ ಸುಲಭ. ಇಬ್ಬರು ಮೂವರು ಸೇರಿದರೆ 1932ರ ಪಾಲುದಾರಿಕೆ ಕಾಯಿದೆಯಂತೆ ಪತ್ರ ಮಾಡಿಸಿ ನೋಂದಾಯಿಸಿರಿ. ಜಮೀನು ಒಟ್ಟು ಕುಟುಂಬದ್ದಾದರೆ, ಸಾಲ ತೀರುವಷ್ಟು ವರ್ಷಗಳಿಗಾದರೂ ಗುತ್ತಿಗೆ ಪತ್ರವಿರಲಿ. ದುಡಿಯುವ ಪಾಲುದಾರನಿಗೆ ಮೊದಲು ಸಂಬಳ, ಆಮೇಲೆ ಉಳಿದದ್ದರಲ್ಲಿ ಪಾಲು ಎಂಬ ಒಂದು ಸಾಲನ್ನು ಪತ್ರದಲ್ಲಿ ಬರೆಸದೆ ಇರಬೇಡಿ. ಹತ್ತಾರು ರೈತರು ಸೇರಿ ಉತ್ಪಾದಕರ ಕಂಪನಿ ಇಲ್ಲವೇ ಸಹಕಾರ ಸಂಘದ ಮೂಲಕವೂ ನಡೆಸಬಹುದು. ಜಪಾನಿನಲ್ಲಿ ಎಳೆ ಹುಳುಗಳನ್ನು ಒಟ್ಟಾಗಿ ಸಾಕುವ ಪದ್ಧತಿ ಸಹಕಾರ ತತ್ವದ ಮೇಲೆಯೇ ಬೆಳೆಯಿತು. ಅಲ್ಲಿ ಕೊಳ್ಳುವವರೇ ಒಡೆಯರಾದ್ದರಿಂದ ಗಿರಾಕಿಯನ್ನು ಹುಡುಕುವ ಕೆಲಸ ತಪ್ಪುತ್ತದೆ. ಆದರೆ ಒಬ್ಬ ಸಂಬಳದ ವ್ಯವಸ್ಥಾಪಕನಿಲ್ಲದೆ ಅದು ನಡೆಯದು.

ಸೊಪ್ಪು ಆರಿಸುವುದು, ಹಾಸು ಬಿಡಿಸುವುದು, ಜ್ವರ ನೋಡುವುದು, ಇವೆಲ್ಲ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಯಲ್ಲಿವೆ. ತರಬೇತಿಗೆ ಬರುವವರು ಮಾತ್ರ ಗಂಡಸರು! ಚಾಕಿ ಮನೆಯಲ್ಲಿ ನಿಜವಾಗಿ ಕೈಯಾಡಿಸುವವರೇ ತರಬೇತಿಗೆ ಬರಬೇಕು, ಪತ್ರದಲ್ಲಿ ಅವರ ಹೆಸರೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಕೆಲಸಗಾರರು ಇಬ್ಬರೇ ಇದ್ದರೂ ಕೆಲಸ ಹಂಚಿರಬೇಕು. ತೋಟದ ಹೊಣೆ ಒಬ್ಬರದು, ಕೋಣೆಯ ಹೊಣೆ ಒಬ್ಬರದು. ಕೋಣೆಯವರು ಕೈಕಾಲು ತೊಳೆದು, ಬೇರೆ ಚಪ್ಪಲಿ ಮೆಟ್ಟಿ ಒಳಗೆ ಹೋಗತಕ್ಕದ್ದು. ಬೆಳೆದ ಹುಳು ಸಾಕುವ ಮನೆಗೆ ಹೋಗಿ ಬಂದವರು, ಅವರು ಯಜಮಾನರೇ ಆಗಿರಲಿ, ಅಂದು ಚಾಕಿ ಕೋಣೆಗೆ ಕಾಲಿಡಬಾರದು. ರೈತರು ಹುಳು ನೋಡಬೇಕೆಂದು ಬಂದರೆ ಗಾಜಿನ ಕಿಟಕಿಯಿಂದ ತೋರಿಸಿರಿ. ಇನ್ನು ಯುಗಾದಿ, ಊರಹಬ್ಬ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಇವುಗಳ ದಿನಗಳನ್ನು ವರ್ಷದ ಮೊದಲಿಗೇ ಪಂಚಾಂಗ ನೋಡಿ ಗುರುತಿಸಿಕೊಂಡು, ಬದಲಿ ಆಳನ್ನು ಗೊತ್ತುಮಾಡಿರಬೇಕು.

ರೇಷ್ಮೆಹುಳು ಬಿತ್ತನೆಗೆ ಸಂಬಂಧಿಸಿದ 2010ರ ನಿಯಮಗಳಂತೆ ಚಾಕಿ ಸಾಕಣೆದಾರರು ನೋಂದಣಿ ಪಡೆಯುವುದು ಕಡ್ಡಾಯ. ನೋಂದಣಿಯಾದ ಬಿತ್ತನೆ ಕೋಠಿಯಿಂದಲೇ ಮೊಟ್ಟೆ ತರಬೇಕು. ಇದು ಬರಿಯ ಕಾಗದದ ಕೆಲಸವಲ್ಲ. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿದು ಬರುತ್ತದೆ ಎಂಬುದನ್ನು 1860ರ ದಶಕದಲ್ಲಿ ಫ್ರಾನ್ಸ್ ದೇಶದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮ ತಂದರು. ಇಂದಿಗೂ ಬಿತ್ತನೆ ಕೋಠಿಯವರು ಮಾಡುವುದು ಅದನ್ನೇ. ಆ ಪರೀಕ್ಷೆಯಿಲ್ಲದ ಮೊಟ್ಟೆ ಅಗ್ಗಕ್ಕೆ ಸಿಕ್ಕಿತೆಂದು ತಂದರೆ, ನೂರು ಮೊಟ್ಟೆಯ ನಲವತ್ತು ಐವತ್ತು ಸಾವಿರ ಹುಳುಗಳ ಜೊತೆಗೆ ರೋಗವನ್ನೂ ಊರೂರಿಗೆ ಹಂಚಿದಂತಾಗುತ್ತದೆ.

ಹಿಂದಿನಿಂದ ಮುಂದಕ್ಕೆ ದಿನಗಣನೆ

ಚಾಕಿ ಕೇಂದ್ರದ ಆಡಳಿತವೆಂದರೆ ಮುಖ್ಯವಾಗಿ ದಿನಗಳ ಆಡಳಿತ. ರೈತನಿಗೆ ತಿಂಗಳ 22ರಂದು ಹುಳು ಬೇಕು. ಹಾಗಾದರೆ 14ರಂದು ಚಾಕಿ ಕಟ್ಟಬೇಕು. ಮೊಟ್ಟೆಗೆ ಕಾವು ಕೊಡಲು ಹತ್ತು ಹನ್ನೊಂದು ದಿನ, ಅಂದರೆ 3ನೇ ತಾರೀಖಿನ ಹೊತ್ತಿಗೆ ಮೊಟ್ಟೆ ನಿಮ್ಮಲ್ಲಿರಬೇಕು. ಕೋಠಿಗೆ ಬೇಡಿಕೆ ಸಲ್ಲಿಸುವುದು ಅದಕ್ಕೂ ಮುಂಚೆ. ಆ ಬ್ಯಾಚಿಗೆ ಸೊಪ್ಪು ಕೊಡುವ ತಾಕನ್ನು ಅದಕ್ಕೂ ಹಿಂದೆಯೇ ಸವರಿರಬೇಕು. ಇವಿಷ್ಟನ್ನೂ ಗೋಡೆಯ ಮೇಲಿನ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಬೇಕು. ಕಾವಿನ ಕೊನೆಯಲ್ಲಿ, ಮೊಟ್ಟೆಯಲ್ಲಿ ಕಪ್ಪು ಚುಕ್ಕಿ ಕಂಡಾಗ ಕಪ್ಪು ಕಾಗದ ಸುತ್ತಿ ಕತ್ತಲಲ್ಲಿಟ್ಟು, ಒಡೆಯುವ ದಿನ ಬೆಳಗ್ಗೆ ಬೆಳಕಿಗೆ ಹಿಡಿದರೆ ಬಹುಪಾಲು ಮರಿಗಳು ಒಂದೇ ದಿನ ಹೊರಬರುತ್ತವೆ. ಇದನ್ನು ಬಿಟ್ಟವರ ಹುಳು ಎರಡು ಮೂರು ದಿನ ಒಡೆದು, ದಿನಗಣನೆಯೆಲ್ಲ ಕೆಡುತ್ತದೆ.

ಬೇಡಿಕೆ ಕೊಟ್ಟ ರೈತ ಕೊನೆಯ ವಾರದಲ್ಲಿ "ಸೊಪ್ಪು ಬಂದಿಲ್ಲ, ಮುಂದಿನ ವಾರ ಕೊಡಿ ಸ್ವಾಮಿ," ಎಂದರೆ ಹುಳು ಕೇಳುವುದಿಲ್ಲ. ಆದ್ದರಿಂದ ಮೊಟ್ಟೆಯ ಬೆಲೆಯಷ್ಟನ್ನಾದರೂ ಮುಂಗಡ ಪಡೆಯಬೇಕು. ಹೊಸ ಕೇಂದ್ರದವರು ಗಿರಾಕಿ ಹೋದಾರೆಂದು ಇದಕ್ಕೆ ಅಂಜುತ್ತಾರೆ. ಲೆಕ್ಕ ನೋಡಿ: ಮೂವತ್ತು ರೈತರಿಗೆ ತಲಾ 200 ಮೊಟ್ಟೆಯಂತೆ ಉದ್ದರಿ ಕೊಟ್ಟರೆ, 6,000 ಮೊಟ್ಟೆಯ 2,10,000 ರೂಪಾಯಿ ಹೊರಗೆ ನಿಂತಿರುತ್ತದೆ. ಅದರಲ್ಲಿ 72,000 ನೀವು ಆಗಲೇ ಕೋಠಿಗೆ ಕಟ್ಟಿದ ನಗದು. ಗೂಡು ಮಾರಿದ ಮೇಲೆ ಕೊಡುತ್ತೇನೆಂದು ರೈತ ಹೇಳುವುದರಲ್ಲಿ ಮೋಸವಿಲ್ಲ, ಆದರೆ ಗೂಡಾಗದಿದ್ದರೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲ.

ಮನೆಯ ಹಣ, ಕೇಂದ್ರದ ಹಣ ಎರಡೂ ಒಂದೇ ಫೋನಿಗೆ ಬಂದು ಬೀಳುವುದು ಇಂದಿನ ದೊಡ್ಡ ಗೊಂದಲ. ಕೇಂದ್ರದ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ ತೆರೆದು, ಆ ಖಾತೆಯ ಕ್ಯೂಆರ್ ಚೀಟಿಯನ್ನೇ ಬಾಗಿಲಿಗೆ ಅಂಟಿಸಿರಿ. ಮಗಳ ಶಾಲೆಯ ಶುಲ್ಕ ಇದರಿಂದ ಕಟ್ಟಬೇಕಾದರೆ, ನಿಮ್ಮ ಸಂಬಳವೆಂದು ಬರೆದು ತೆಗೆದುಕೊಳ್ಳಿ.

ಬೆಳೆ ಕೈಕೊಟ್ಟಾಗ

ಎಷ್ಟೇ ಎಚ್ಚರ ವಹಿಸಿದರೂ ಒಂದಲ್ಲ ಒಂದು ದಿನ ರೈತನೊಬ್ಬ ಬಂದು, "ನಿಮ್ಮ ಚಾಕಿಯಿಂದ ನನ್ನ ಬೆಳೆ ಹೋಯಿತು," ಎನ್ನುತ್ತಾನೆ. ಚಾಕಿ ಕೊಂಡು ಎರಡು ವಾರ ಸೊಪ್ಪು ಹಾಕಿ, ಕೂಲಿ ಕೊಟ್ಟು, ಚಂದ್ರಿಕೆಗೆ ಬಿಡುವ ಹೊತ್ತಿಗೆ ಹುಳು ಹಾಲುಗಟ್ಟಿ ಸತ್ತರೆ ಅವನ ಎರಡು ತಿಂಗಳ ದುಡಿಮೆ ತಿಪ್ಪೆಗೆ ಹೋದಂತೆ. ಅವನ ಸಿಟ್ಟು ನ್ಯಾಯವೇ. ಆದರೆ ತಪ್ಪು ಮೊಟ್ಟೆಯದೋ, ಚಾಕಿಯದೋ, ಅವನ ಹುಳುಮನೆಯದೋ? ಇದನ್ನು ವಾದದಿಂದ ತೀರ್ಮಾನಿಸಲಾಗದು, ಪುಸ್ತಕದಿಂದ ತೀರ್ಮಾನಿಸಬಹುದು.

ಪ್ರತಿಯೊಂದು ಬ್ಯಾಚಿಗೂ ಒಂದು ಪುಟವಿರಲಿ. ಮೊಟ್ಟೆ ತಂದ ಕೋಠಿ ಮತ್ತು ಲಾಟ್ ಸಂಖ್ಯೆ, ಚಾಕಿ ಕಟ್ಟಿದ ದಿನ, ಶೇಕಡಾ ಎಷ್ಟು ಒಡೆಯಿತು, ದಿನಕ್ಕೆ ಮೂರು ಸಲ ನೋಡಿದ ಉಷ್ಣತೆ ಮತ್ತು ತೇವಾಂಶ, ಯಾರಿಗೆ ಎಷ್ಟು ಕೊಟ್ಟಿತು. ಕೊನೆಯಲ್ಲಿ ಒಂದು ಅಂಕಣವನ್ನು ಖಾಲಿ ಬಿಡಿ. ಹುಳು ಕೊಟ್ಟ ಇಪ್ಪತ್ತೈದು ದಿನಕ್ಕೆ ಪ್ರತಿಯೊಬ್ಬ ರೈತನಿಗೂ ಫೋನ್ ಮಾಡಿ, ನೂರು ಮೊಟ್ಟೆಗೆ ಎಷ್ಟು ಕಿಲೋ ಗೂಡಾಯಿತು, ವಿಜಯಪುರದಲ್ಲಿ ಏನು ದರ ಸಿಕ್ಕಿತು ಎಂದು ಕೇಳಿ ಅಲ್ಲಿ ಬರೆಯಿರಿ. ಒಂದೇ ಲಾಟಿನ ಚಾಕಿಯನ್ನು ಬೇರೆ ಬೇರೆ ಊರಿನ ಐದಾರು ಮಂದಿಗೆ ಹಂಚುವುದು ಜಾಣತನ. ಐವರಲ್ಲಿ ನಾಲ್ವರಿಗೆ ಬೆಳೆ ಬಂದು ಒಬ್ಬರಿಗೆ ಹೋದರೆ ಅವರ ಹುಳುಮನೆಯನ್ನು ನೋಡಬೇಕು. ಐವರಿಗೂ ಹೋದರೆ ನಿಮ್ಮ ಕೋಣೆಯನ್ನೋ ಮೊಟ್ಟೆಯನ್ನೋ ನೋಡಬೇಕು. ಒಂದೇ ಕೋಠಿಯ ಲಾಟುಗಳಲ್ಲಿ ಮಾತ್ರ ದೋಷ ಕಂಡರೆ ಮೊಟ್ಟೆಯ ಮೇಲೆ ಅನುಮಾನ. ಎಲ್ಲ ಲಾಟುಗಳಲ್ಲೂ ಕಂಡರೆ ನಿಮ್ಮ ಕೋಣೆಯ ಮೇಲೆ. ಸಂಶಯವಿದ್ದಾಗ ಸತ್ತ ಹುಳುಗಳ ಮಾದರಿಯನ್ನು ರೇಷ್ಮೆ ಇಲಾಖೆಯವರ ಮೂಲಕ ಪರೀಕ್ಷೆಗೆ ಕಳುಹಿಸಬೇಕು.

ತಪ್ಪು ನಿಮ್ಮದೆಂದು ಕಂಡರೆ ಏನು ಕೊಡುತ್ತೀರಿ ಎಂಬುದನ್ನು ಮುಂಗಡದ ರಸೀದಿಯ ಹಿಂದೆಯೇ ಅಚ್ಚು ಮಾಡಿಸಿರಿ: ಮುಂದಿನ ಬೆಳೆಗೆ ಬಿಟ್ಟಿಯಾಗಿ ಚಾಕಿ ಎಂದೋ, ಹಣ ವಾಪಸು ಎಂದೋ. ಚಾಕಿ ಕೋಣೆಯಲ್ಲಿಯೇ ರೋಗ ಕಂಡ ಬ್ಯಾಚನ್ನು ಯಾರಿಗೂ ಕೊಡದೆ ಸುಟ್ಟುಬಿಡಬೇಕು. ಮೇಲಿನ ಲೆಕ್ಕದಂತೆ 2,000 ಮೊಟ್ಟೆಯ ಒಂದು ಬ್ಯಾಚು ಸುಟ್ಟರೆ 40,000 ರೂಪಾಯಿಯ ಖರ್ಚು ಹೋಯಿತು. ಉಳಿದ 6,000 ಮೊಟ್ಟೆಯಿಂದ 90,000 ಬಂದರೂ, ತಿಂಗಳ ಕಾಯಂ ಖರ್ಚು ಕಳೆದು 25,000 ಕೈಯಿಂದ ಬೀಳುತ್ತದೆ. ಆ ಹಣ ಮೊದಲೇ ಎತ್ತಿಟ್ಟಿರದಿದ್ದರೆ ಸುಡಲು ಕೈ ಬರುವುದಿಲ್ಲ, ರಾತ್ರೋರಾತ್ರಿ ರೈತರಿಗೆ ಸಾಗಿಸುವ ಬುದ್ಧಿ ಬರುತ್ತದೆ. ಆದ್ದರಿಂದ ಲಾಭದ ತಿಂಗಳುಗಳಲ್ಲಿ ನೂರು ಮೊಟ್ಟೆಗೆ 100 ರೂಪಾಯಿಯಂತೆ ಬೇರೆ ಖಾತೆಗೆ ಹಾಕುತ್ತ, ಒಂದು ಬ್ಯಾಚಿನ ಖರ್ಚಿನಷ್ಟು ಮೊತ್ತ ಸದಾ ಇರುವಂತೆ ನೋಡಿಕೊಳ್ಳಬೇಕು.

ಆರಂಭಿಸುವ ಕಾಲ

ಮುಂಗಾರಿನಲ್ಲಿ, ಜೂನ್-ಜುಲೈ ತಿಂಗಳಲ್ಲಿ ತೋಟ ನೆಡಿರಿ. ಗಿಡ ನೆಲೆಯೂರಲು ಒಂದು ವರ್ಷ ಬೇಕು. ಆ ವರ್ಷ ವ್ಯರ್ಥವಲ್ಲ. ಮೊದಲ ಮೂರು ತಿಂಗಳು ಹಳ್ಳಿ ತಿರುಗಿ ಪಟ್ಟಿ ಮಾಡಲು, ಆಮೇಲೆ ತರಬೇತಿಗೆ, ನೋಂದಣಿಗೆ, ಬ್ಯಾಂಕಿಗೆ. ತರಬೇತಿಯ ವಿಷಯವನ್ನು ತಲಘಟ್ಟಪುರದ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಅಥವಾ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು. ತೋಟದ ಮಣ್ಣು, ಗೊಬ್ಬರದ ಸಲಹೆಗೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಪಟ್ಟಿ ನಲವತ್ತು ಹೆಸರು ದಾಟಿದ ಮೇಲೆ ಅಡಿಪಾಯ ತೋಡಿಸಿ, ಅರವತ್ತು ದಾಟಿದ ಮೇಲೆ ಎರಡನೇ ಕಾಯಂ ಆಳನ್ನು ಗೊತ್ತುಮಾಡಿ. ಮೊದಲ ಬ್ಯಾಚನ್ನು ಬೇಸಿಗೆಯಲ್ಲಿ ಹಿಡಿಯದೆ ಮರುವರ್ಷದ ಮಳೆಗಾಲಕ್ಕೆ ಹಿಡಿಯಿರಿ. ಆ ಮೊದಲ ಬ್ಯಾಚಿಗೆ 500 ಮೊಟ್ಟೆ ಸಾಕು. ಅದರಲ್ಲಿ ಐವತ್ತನ್ನು ಚಾಕಿ ಕೋಣೆಯಿಂದ ದೂರದಲ್ಲಿರುವ ನೆಂಟರ ಹುಳುಮನೆಗೆ ಕೊಟ್ಟು ಗೂಡಾಗುವವರೆಗೂ ನೀವೇ ಹೊರಗಿನಿಂದ ಗಮನಿಸಿ, ಪುಸ್ತಕದ ಮೊದಲ ಪುಟದ ಕೊನೆಯ ಅಂಕಣವನ್ನು ತುಂಬಿಸಿರಿ.